ರಶ್ದಿ ಅವರ ನಾಲ್ಕು ಕಂಪ್ಯೂಟರ್‌ಗಳು

ಬರೆದಿಟ್ಟ ಹಾಳೆಯ ಮೇಲೆ ಕಾಫಿ ಚೆಲ್ಲಿದರೆ ಒಂದು ಕಂದು ಕಲೆ ಉಳಿಯುತ್ತದೆ. ಅಕ್ಷರ ಹೇಗೋ ಓದಬಹುದು. ಲ್ಯಾಪ್‌ಟಾಪ್ ಮೇಲೆ ಚೆಲ್ಲಿದರೆ ಕಥೆ ಬೇರೆ. ಅಮೆರಿಕದ ಅಟ್ಲಾಂಟಾದಲ್ಲಿರುವ ಎಮೊರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅಂಥ ಒಂದು ಲ್ಯಾಪ್‌ಟಾಪ್ ಬಂತು. ಅದು ಕಾದಂಬರಿಕಾರ ಸಲ್ಮಾನ್ ರಶ್ದಿ ಅವರದು. ಅದರ ಮೇಲೆ ಚೆಲ್ಲಿದ್ದು ಕೋಕ್. ಕೋಕಾ-ಕೋಲಾ ಹುಟ್ಟಿದ ಊರು ಅಟ್ಲಾಂಟಾ. ಎಮೊರಿಯ ಮುಖ್ಯ ಗ್ರಂಥಾಲಯಕ್ಕೆ ಇಟ್ಟಿರುವುದೂ ಆ ಕಂಪನಿಯನ್ನು ಬೆಳೆಸಿದ ರಾಬರ್ಟ್ ವುಡ್ರಫ್ ಅವರ ಹೆಸರು. ಕೆಟ್ಟ ಲ್ಯಾಪ್‌ಟಾಪ್ ಸರಿಯಾದ ವಿಳಾಸಕ್ಕೇ ಬಂತು ಅನ್ನಬೇಕು.

ಆ ಲ್ಯಾಪ್‌ಟಾಪ್ ಒಂಟಿಯಾಗಿ ಬರಲಿಲ್ಲ. 2006ರಲ್ಲಿ ರಶ್ದಿ ತಮ್ಮ ಕಾಗದಪತ್ರಗಳನ್ನು ಎಮೊರಿಗೆ ಕೊಟ್ಟರು. ಎಷ್ಟು ಹಣಕ್ಕೆ ಎಂಬುದನ್ನು ಎರಡೂ ಕಡೆಯವರು ಬಹಿರಂಗ ಮಾಡಲಿಲ್ಲ. ಡೈರಿಗಳು, ಕಾದಂಬರಿಗಳ ಕರಡು, ಪತ್ರ, ಫೋಟೊ, ಅಚ್ಚಾಗದೇ ಉಳಿದ ಆರಂಭದ ಬರಹಗಳು ಬಂದವು. ಇವುಗಳ ಜೊತೆಗೆ ನಾಲ್ಕು ಆಪಲ್ ಕಂಪ್ಯೂಟರ್‌ಗಳು. ಅವುಗಳಲ್ಲಿದ್ದ ಡೇಟಾ ಸುಮಾರು 18 ಗಿಗಾಬೈಟ್.

ಈ ಒಂದು ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಲೇಖಕರ ಕಾಗದಪತ್ರ ಜೋಪಾನ ಮಾಡುವವರ ಕೆಲಸ ಎಲ್ಲಿ ಬದಲಾಯಿತು ಎನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಅದು ಬದಲಾದದ್ದು ನಾವು ಅಂದುಕೊಳ್ಳುವ ಜಾಗದಲ್ಲಲ್ಲ.

ಎಮೊರಿಗೆ ಸಾಹಿತಿಗಳ ಪೆಟ್ಟಿಗೆ ಹೊಸದಾಗಿರಲಿಲ್ಲ. ಕವಿಗಳಾದ ಟೆಡ್ ಹ್ಯೂಸ್, ಷೇಮಸ್ ಹೀನಿ ಅವರ ಸಂಗ್ರಹಗಳು ಅಲ್ಲಿವೆ. ರಶ್ದಿ 2004ರಲ್ಲಿ ಅಲ್ಲಿ ಉಪನ್ಯಾಸ ಕೊಟ್ಟಿದ್ದರು, 2007ರಿಂದ ಕೆಲವು ವರ್ಷ ಪಾಠವನ್ನೂ ಮಾಡಿದರು. ಕಾಗದದ ಪೆಟ್ಟಿಗೆ ಬಂದರೆ ಏನು ಮಾಡಬೇಕು ಎಂಬುದು ಅಲ್ಲಿನವರಿಗೆ ಕರಗತ. ಧೂಳು ಒರೆಸಿ, ಆಮ್ಲವಿಲ್ಲದ ಫೋಲ್ಡರ್‌ಗೆ ಹಾಕಿ, ಪಟ್ಟಿ ಬರೆದು, ತಂಪಾದ ಕೋಣೆಯಲ್ಲಿಟ್ಟರೆ ನೂರು ವರ್ಷ ಚಿಂತೆ ಇಲ್ಲ. ಕಂಪ್ಯೂಟರ್ ಬಂದರೆ? ತಂಪಾದ ಕೋಣೆಯಲ್ಲಿ ಇಪ್ಪತ್ತು ವರ್ಷ ಇಟ್ಟು ತೆಗೆದರೆ ಸಿಗುವುದು ಬರೀ ಪ್ಲಾಸ್ಟಿಕ್ ಡಬ್ಬ.

ಇಲ್ಲಿ ಮೊದಲ ಪಾಠ ತಮಾಷೆಯಾಗಿದೆ. ಬಂದ ಕಂಪ್ಯೂಟರ್‌ನ ಸ್ವಿಚ್ ಹಾಕಬಾರದು. ಒಳಗೆ ಏನಿದೆ ಅಂತ ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ಅಲ್ವಾ? ಆದರೆ ಕಂಪ್ಯೂಟರ್ ಏಳುವಾಗಲೇ ತನ್ನಷ್ಟಕ್ಕೆ ಹತ್ತಾರು ಫೈಲ್‌ಗಳನ್ನು ತಿದ್ದಿ ಬರೆಯುತ್ತದೆ. ತಾರೀಖುಗಳು ಬದಲಾಗುತ್ತವೆ. ಲೇಖಕರು ಯಾವ ದಿನ ಯಾವ ಅಧ್ಯಾಯ ಮುಟ್ಟಿದ್ದರು ಎಂಬ ಸುಳಿವು ಹೋಗಿಬಿಡುತ್ತದೆ. ಅದಕ್ಕೇ ಮೊದಲು ಇಡೀ ಡಿಸ್ಕ್‌ನ ಪಡಿಯಚ್ಚು ತೆಗೆಯುತ್ತಾರೆ. ಡಿಸ್ಕ್ ಇಮೇಜ್ ಎನ್ನುತ್ತಾರೆ ಅದನ್ನು. ಫೈಲ್‌ಗಳನ್ನು ಒಂದೊಂದಾಗಿ ನಕಲು ಮಾಡುವುದಿಲ್ಲ. ಡಿಸ್ಕ್‌ನ ಮೊದಲ ತುದಿಯಿಂದ ಕೊನೆಯ ತುದಿವರೆಗೆ ಸೊನ್ನೆ, ಒಂದು, ಸೊನ್ನೆ, ಒಂದು ಅಂತ ಇದ್ದದ್ದು ಇದ್ದಹಾಗೆ. ಅಪರಾಧ ತನಿಖೆಯಲ್ಲಿ ಆರೋಪಿಯ ಕಂಪ್ಯೂಟರ್ ಸಿಕ್ಕಾಗ ಮಾಡುವುದೂ ಇದನ್ನೇ. ಸಾಹಿತ್ಯದ ಕೆಲಸಕ್ಕೆ ಪೊಲೀಸರ ಉಪಕರಣ ಬಂದದ್ದು ಹೀಗೆ.

ಆಪಲ್‌ನ ಹಳೆಯ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ಒಂದು ಫೈಲಿಗೆ ಎರಡು ಭಾಗ ಇರಬಹುದಿತ್ತು. ಒಂದರಲ್ಲಿ ಡೇಟಾ, ಇನ್ನೊಂದರಲ್ಲಿ ಐಕಾನ್‌ನಂಥ ಜೊತೆ ಸಾಮಾನು. ಬೇರೆ ಬಗೆಯ ಕಂಪ್ಯೂಟರ್‌ಗೆ ಸುಮ್ನೆ ನಕಲು ಮಾಡಿದರೆ ಎರಡನೆಯದು ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಫೈಲ್ ಹೆಸರಿನ ಕೊನೆಯಲ್ಲಿ ಚುಕ್ಕೆ ಇಟ್ಟು ಮೂರಕ್ಷರದ ಬಾಲ ಹಚ್ಚುವ ಪದ್ಧತಿಯೂ ಅಲ್ಲಿ ಕಡ್ಡಾಯ ಇರಲಿಲ್ಲ. ಹೀಗಾಗಿ ಇಂದಿನ ಕಂಪ್ಯೂಟರ್ ಆ ಫೈಲ್ ನೋಡಿ ‘ಇದೇನು’ ಅಂತ ಕಣ್ಣು ಕಣ್ಣು ಬಿಡುತ್ತದೆ.

ಇದು ನಮಗೆ ಹೊಸ ಅನುಭವವೇನಲ್ಲ. ಎಲ್ಲ ಕಂಪ್ಯೂಟರ್‌ಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್ ಬಳಕೆಗೆ ಬರುವ ಮೊದಲು ಟೈಪ್ ಮಾಡಿದ ಕನ್ನಡ ಫೈಲ್ ಒಂದನ್ನು ಇವತ್ತು ತೆರೆದು ನೋಡಿ. ಆ ಕಾಲದ ಫಾಂಟ್ ಇಲ್ಲದಿದ್ದರೆ ಕಾಣುವುದು ಟೋಪಿ, ಬಾಲ, ಚುಕ್ಕೆ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ನನ್ನದೇ ಎಷ್ಟೋ ಬರಹ ಹಾಗಾಗಿವೆ. ಪರಿವರ್ತಕಗಳಿವೆ, ನಿಜ. ಅವುಗಳಲ್ಲಿ ಹಾಕಿದ ಮೇಲೂ ಒತ್ತಕ್ಷರ ಒಂದೆರಡು ಕಡೆ ಎಡವುತ್ತವೆ. ಎಮೊರಿಯವರ ಮುಂದಿದ್ದದ್ದು ಇದೇ ಕಷ್ಟದ ಇಂಗ್ಲಿಷ್ ರೂಪ.

ಅವರು ಎರಡು ದಾರಿ ಹಿಡಿದರು. ಒಂದು ಸರಳ. ಫೈಲ್‌ಗಳನ್ನು ಇಂದು ಓದಲು ಬರುವ ರೂಪಕ್ಕೆ ಬದಲಾಯಿಸಿ, ಹುಡುಕಲು ಬರುವ ಹಾಗೆ ಪಟ್ಟಿ ಮಾಡುವುದು. ಇನ್ನೊಂದು ಸಾಹಸದ್ದು. ಹಳೆಯ ಕಂಪ್ಯೂಟರನ್ನೇ ಹೊಸ ಕಂಪ್ಯೂಟರ್‌ನ ಒಳಗೆ ಮತ್ತೆ ಬದುಕಿಸುವುದು. ಇದಕ್ಕೆ ಎಮ್ಯುಲೇಷನ್ ಎಂದು ಹೆಸರು. ಒಂದು ತಂತ್ರಾಂಶ ಹಳೆಯ ಯಂತ್ರದ ವೇಷ ಹಾಕುತ್ತದೆ. ಹಳೆಯ ಫೈಲ್‌ಗಳು ತಮ್ಮ ಹಳೆಯ ಮನೆಯಲ್ಲೇ ಇದ್ದೇವೆ ಎಂದುಕೊಂಡು ತೆರೆದುಕೊಳ್ಳುತ್ತವೆ. ನಾಲ್ಕರಲ್ಲಿ ಒಂದು ಯಂತ್ರಕ್ಕೆ, 1996ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಕಿಂತಾಷ್ ಪರ್ಫಾರ್ಮಾ 5400ಕ್ಕೆ, ಈ ಭಾಗ್ಯ ಸಿಕ್ಕಿತು.

2010ರ ಫೆಬ್ರವರಿಯಲ್ಲಿ ಸಂಗ್ರಹ ತೆರೆಯಿತು. ಜೊತೆಗೆ ಒಂದು ಪ್ರದರ್ಶನವೂ ಇತ್ತು. ಬಂದವರು ಒಂದು ಕಂಪ್ಯೂಟರ್ ಮುಂದೆ ಕೂತು ರಶ್ದಿ ನೋಡುತ್ತಿದ್ದ ಪರದೆಯನ್ನೇ ನೋಡಬಹುದಿತ್ತು. ಅವರು ಇಟ್ಟ ಫೋಲ್ಡರ್‌ಗಳನ್ನೇ ತೆರೆಯಬಹುದಿತ್ತು. ಪರದೆಯ ಮೇಲೆ ಚೀಟಿ ಅಂಟಿಸುವ ಸ್ಟಿಕೀಸ್ ಎಂಬ ಪುಟ್ಟ ತಂತ್ರಾಂಶ ಅವರಿಗೆ ತುಂಬ ಇಷ್ಟವಾಗಿತ್ತು ಎಂಬುದು ಹೀಗೆ ಗೊತ್ತಾಯಿತು. 1999ರಲ್ಲಿ ಬಂದ ‘ದ ಗ್ರೌಂಡ್ ಬಿನೀತ್ ಹರ್ ಫೀಟ್’ ಕಾದಂಬರಿಯ ಕರಡು ತೆರೆದು ವಾಕ್ಯವೊಂದನ್ನು ತಿದ್ದಲೂಬಹುದಿತ್ತು. ಪ್ರದರ್ಶನಕ್ಕೆ ಬಂದವರೊಬ್ಬರು ರಶ್ದಿ ವಾಕ್ಯ ತಿದ್ದುವುದು! ಮೂಲಕ್ಕೆ ಏನೂ ಆಗುವುದಿಲ್ಲ ಬಿಡಿ, ತಿದ್ದುವುದು ಪಡಿಯಚ್ಚಿನ ಪಡಿಯಚ್ಚನ್ನು.

ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಈ ವೇಷದ ಯಂತ್ರ. ಇದರಿಂದ ಓದುಗರಿಗೆ ಏನು ಸಿಗುತ್ತದೆ ಎಂದು ಕೇಳಿಕೊಂಡರೆ ನನ್ನ ಉತ್ತರ ಸ್ವಲ್ಪ ನಿಷ್ಠುರ. ಸಂಶೋಧನೆ ಮಾಡುವವರ ದಿನದ ಕೆಲಸಕ್ಕೆ ಬರುವುದು ಆ ಸರಳ ಪಟ್ಟಿ. ಎಮ್ಯುಲೇಷನ್‌ನ ಬೆಲೆ ಬೇರೆ ಥರದ್ದು. ಕುಪ್ಪಳಿಯ ಕವಿಮನೆಗೆ ಹೋದವರು ಅಲ್ಲಿ ಕೂತು ಕುವೆಂಪು ಕಾವ್ಯ ಓದುವುದಿಲ್ಲ. ತೊಟ್ಟಿ, ಕಂಬ, ಅಡುಗೆ ಮನೆ ನೋಡುತ್ತಾರೆ, ಈ ಮನುಷ್ಯ ಎಂಥ ಮನೆಯಲ್ಲಿ ಬೆಳೆದರು ಎಂಬ ಅಂದಾಜು ಮಾಡಿಕೊಂಡು ಬರುತ್ತಾರೆ. ಆಮೇಲೆ ಓದುವಾಗ ಅದು ಎಲ್ಲೋ ಕೆಲಸ ಮಾಡುತ್ತದೆ. ಲೇಖಕರು ಫೋಲ್ಡರ್‌ಗೆ ಏನು ಹೆಸರಿಟ್ಟಿದ್ದರು, ಯಾವ ಕರಡಿನ ಪಕ್ಕ ಯಾವ ಪತ್ರ ಇಟ್ಟಿದ್ದರು ಎನ್ನುವುದೂ ಹಾಗೆಯೇ. ಪಟ್ಟಿ ಮಾಡಿ ಬೇರೆ ಬೇರೆ ಮಾಡಿದ ಕೂಡಲೇ ಆ ನೆರೆಹೊರೆ ಕಳೆದುಹೋಗುತ್ತದೆ.

ಕಂಪ್ಯೂಟರ್ ಕೊಟ್ಟವರು ತಮ್ಮ ಮನೆಯನ್ನೇ ಕೊಟ್ಟ ಹಾಗೆ. ಈ ಪ್ರಕರಣದ ನಿಜವಾದ ಗಂಟು ಇರುವುದು ಇಲ್ಲಿ. ಕಾಗದ ಕೊಡುವಾಗ ಲೇಖಕರು ಆರಿಸಿ ಕೊಡುತ್ತಾರೆ. ಬೇಡದ್ದನ್ನು ಒಲೆಗೆ ಹಾಕುತ್ತಾರೆ, ಇಲ್ಲವೇ ಅಟ್ಟದ ಮೇಲೇ ಬಿಡುತ್ತಾರೆ. ಹಾರ್ಡ್ ಡಿಸ್ಕ್‌ನಲ್ಲಿ ಕಾದಂಬರಿಯ ಪಕ್ಕದಲ್ಲೇ ಬ್ಯಾಂಕಿನ ಲೆಕ್ಕ ಇರಬಹುದು, ಅದರ ಪಕ್ಕ ಮಗನಿಗೆ ಬರೆದ ಪತ್ರ, ಜಗಳದ ಇಮೇಲ್, ಡಾಕ್ಟರ್ ಚೀಟಿ. ಅಳಿಸಿದ್ದೇವೆ ಎಂದುಕೊಂಡ ಫೈಲ್‌ನ ಚೂರುಗಳೂ ಅಲ್ಲೇ ಇರುತ್ತವೆ. ಕಂಪ್ಯೂಟರ್‌ನಲ್ಲಿ ಅಳಿಸುವುದು ಎಂದರೆ ಹೆಚ್ಚಿನ ಸಲ ‘ಈ ಜಾಗ ಖಾಲಿ ಇದೆ’ ಎಂಬ ಬೋರ್ಡ್ ಹಾಕುವುದು ಅಷ್ಟೇ. ಹೊಸದು ಬಂದು ಕೂರುವ ತನಕ ಹಳೆಯದು ಉಳಿದಿರುತ್ತದೆ. ಪಡಿಯಚ್ಚು ತೆಗೆದಾಗ ಅದೂ ಬರುತ್ತದೆ.

ಇದನ್ನು ತೋರಿಸಬಹುದೇ? ಲೇಖಕರ ಕಸದ ಬುಟ್ಟಿಯನ್ನು ಅವರ ಒಪ್ಪಿಗೆ ಇಲ್ಲದೆ ಕೆದಕಬಾರದು ಎಂದೇ ನಾನು ಹೇಳುವುದು. ಕಾಗದದ ಕಾಲದಲ್ಲಿ ಕೆದಕಿದವರಿದ್ದಾರೆ, ಅದರಿಂದ ಒಳ್ಳೆಯ ಪುಸ್ತಕಗಳೂ ಬಂದಿವೆ. ಆದರೂ ಹರಿದು ಎಸೆದ ಹಾಳೆಗೂ ‘ಅಳಿಸಿದೆ’ ಎಂದು ಯಂತ್ರ ಸುಳ್ಳು ಹೇಳಿದ ಫೈಲಿಗೂ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಎಸೆದವರಿಗೆ ಅಪಾಯ ಗೊತ್ತಿತ್ತು.

ರಶ್ದಿ ಅವರ ವಿಷಯದಲ್ಲಿ ಇದು ಬರೀ ಮುಜುಗರದ ಪ್ರಶ್ನೆ ಆಗಿರಲಿಲ್ಲ. 1989ರ ಫೆಬ್ರವರಿ 14ರಂದು ಅವರನ್ನು ಕೊಲ್ಲಬೇಕೆಂಬ ಇರಾನಿನ ನಾಯಕ ಖೊಮೇನಿ ಅವರ ಫತ್ವಾ ಬಂದ ಮೇಲೆ ವರ್ಷಗಟ್ಟಲೆ ಅವರು ಪೊಲೀಸರ ಕಾವಲಿನಲ್ಲಿ ಮನೆಯಿಂದ ಮನೆಗೆ ಬದಲಾಗುತ್ತ ಬದುಕಿದರು. ಕಂಪ್ಯೂಟರ್‌ಗಳು ಆ ದಶಕದವು. ನಮ್ಮ ನಿಮ್ಮ ವಿಳಾಸದ ಪಟ್ಟಿ ಯಾರಿಗೆ ಬೇಕು? ಅಂಥ ಮನುಷ್ಯರ ವಿಳಾಸದ ಪಟ್ಟಿ ಹಾಗಲ್ಲ. ಅದರಲ್ಲಿ ಇರುವವರಿಗೂ ಹಾಗಲ್ಲ. 2022ರ ಆಗಸ್ಟ್ 12ರಂದು ನ್ಯೂಯಾರ್ಕ್ ರಾಜ್ಯದ ವೇದಿಕೆಯೊಂದರಲ್ಲಿ ಅವರ ಮೇಲೆ ಚಾಕು ಬಿತ್ತು, ಒಂದು ಕಣ್ಣು ಹೋಯಿತು. ಫತ್ವಾ ಬಂದು 33 ವರ್ಷ ಆಗಿತ್ತು. ಹಳೆಯ ಕಥೆ, ಇನ್ನು ತೆರೆದರೆ ಏನಂತೆ ಎಂದು ಯಾರಾದರೂ ಹೇಳಿದರೆ ಈ ದಿನಾಂಕ ನೆನಪಿಸಬಹುದು.

ಹಾಗಾಗಿ ಸಂಗ್ರಹದ ಕೆಲವು ಭಾಗಗಳನ್ನು ಮುಚ್ಚಿಡಬೇಕು ಎಂದು ಅವರೇ ಹೇಳಿದರು, ಗ್ರಂಥಾಲಯ ಒಪ್ಪಿತು. ಕಾಗದವಾದರೆ ಆ ಪೆಟ್ಟಿಗೆಯನ್ನು ಬೇರೆ ಕಪಾಟಿಗೆ ಹಾಕಿ ಬೀಗ ಜಡಿದರೆ ಮುಗಿಯಿತು. ಇಲ್ಲಿ ಇಡೀ ಡಿಸ್ಕ್ ಒಂದೇ ಗಂಟು. ಮೂಲ ಪಡಿಯಚ್ಚನ್ನು ಹಾಗೇ ಇಟ್ಟು, ಓದುಗರಿಗೆ ಕೊಡುವ ಪ್ರತಿಯಿಂದ ಮುಚ್ಚಬೇಕಾದ್ದನ್ನು ತೆಗೆಯಬೇಕು. ಅದಕ್ಕೆ ಮೊದಲು ಯಾವ ಫೈಲ್‌ನಲ್ಲಿ ಏನಿದೆ ಎಂದು ಯಾರಾದರೂ ನೋಡಿರಬೇಕು. ಸಾವಿರಗಟ್ಟಲೆ ಫೈಲ್ ಇದ್ದರೆ ಎಷ್ಟು ಕೂಲಿ, ಎಷ್ಟು ತಿಂಗಳು? 2006ರಲ್ಲಿ ಬಂದದ್ದು ತೆರೆಯಲು 2010 ಆಯಿತು. ಆಗಲೂ ಮತ್ತೆ ಬದುಕಿದ್ದು ನಾಲ್ಕರಲ್ಲಿ ಒಂದೇ ಯಂತ್ರ. ಇದನ್ನು ಸೋಮಾರಿತನ ಎನ್ನುವವರು ಒಂದು ಸಲ ತಮ್ಮದೇ ಫೋನ್ ತೆಗೆದು ‘ಯಾವುದನ್ನು ಲೋಕಕ್ಕೆ ತೋರಿಸಬಹುದು’ ಎಂದು ಆರಿಸಲು ಕೂರಲಿ. ಒಂದು ಭಾನುವಾರ ಸಾಲದು.

ಜೋಪಾನ ಮಾಡುವವರ ಕೆಲಸ ಬದಲಾದದ್ದು ಇಲ್ಲಿ. ಮೊದಲು ಅವರು ಎಷ್ಟೋ ಸಲ ಲೇಖಕರು ಸತ್ತ ಮೇಲೆ ಬರುತ್ತಿದ್ದರು. ಈಗ ಲೇಖಕರು ಬದುಕಿರುವಾಗಲೇ ಅವರ ಪಕ್ಕ ಕೂತು ‘ಇದು ಏನು, ಇದನ್ನು ತೋರಿಸಲೇ, ಇದರ ಪಾಸ್‌ವರ್ಡ್ ಏನು’ ಎಂದು ಕೇಳಬೇಕು. ಸತ್ತ ಮೇಲೆ ಕೇಳಲು ಯಾರೂ ಇರುವುದಿಲ್ಲ, ಯಂತ್ರವೂ ಅಷ್ಟು ದಿನ ಕಾಯುವುದಿಲ್ಲ. 2011ರಲ್ಲಿ ಬ್ರಿಟಿಷ್ ಲೈಬ್ರರಿ ಕವಿ ವೆಂಡಿ ಕೋಪ್ ಅವರ ಸಂಗ್ರಹವನ್ನು 32,000 ಪೌಂಡ್‌ಗೆ ಕೊಂಡಿತು. ಅದರಲ್ಲಿ ಸುಮಾರು 40,000 ಇಮೇಲ್ ಇದ್ದವು. ಅವರೂ ಬದುಕಿರುವಾಗಲೇ ಆದ ವ್ಯವಹಾರ ಅದು.

ಇಮೇಲ್ ಅಂದಮೇಲೆ ಕಾಪಿರೈಟ್ ಮಾತು ಬರುತ್ತದೆ. ನನಗೆ ಬಂದ ಪತ್ರದ ಹಾಳೆ ನನ್ನದು, ಅದರಲ್ಲಿನ ಮಾತು ಬರೆದವರದು. ಅಮೆರಿಕದಲ್ಲಿ ಬರೆದವರು ಸತ್ತ ಮೇಲೆ 70 ವರ್ಷ ಆ ಹಕ್ಕು ಸಾಮಾನ್ಯವಾಗಿ ಉಳಿಯುತ್ತದೆ, ನಮ್ಮಲ್ಲಿ 60 ವರ್ಷ. ಒಬ್ಬ ಲೇಖಕರ ಇಮೇಲ್ ಪೆಟ್ಟಿಗೆಯಲ್ಲಿ ನೂರಾರು ಜನರ ಮಾತು ಇರುತ್ತದೆ. ಎಲ್ಲರನ್ನೂ ಹುಡುಕಿ ಒಪ್ಪಿಗೆ ತರುವುದು ಆಗುವ ಮಾತಲ್ಲ.

ಈಗ ಈ ಕಥೆಯ ತಮಾಷೆಯ ಭಾಗಕ್ಕೆ ಬರುತ್ತೇನೆ. 18 ಗಿಗಾಬೈಟ್ ಇವತ್ತು ಉಗುರಿನಷ್ಟು ಮೆಮೊರಿ ಕಾರ್ಡ್‌ನಲ್ಲಿ ಹಿಡಿಯುತ್ತದೆ. ಆದರೆ ಅದನ್ನು ನೋಡಬೇಕೆಂದರೆ ಅಟ್ಲಾಂಟಾಕ್ಕೆ ವಿಮಾನ ಹತ್ತಬೇಕು. ವುಡ್ರಫ್ ಗ್ರಂಥಾಲಯದ ಹತ್ತನೇ ಮಹಡಿಗೆ ಹೋಗಿ, ಓದುವ ಕೋಣೆಯಲ್ಲಿ ಅವರು ತೋರಿಸಿದ ಕಂಪ್ಯೂಟರ್ ಮುಂದೆ ಕೂರಬೇಕು. ಬೆಂಗಳೂರಿನಲ್ಲಿ ಕೂತವರಿಗೆ ಅದು ಎಲ್ಲೋ ಬೀಗದೊಳಗಿನ ತಾಳೆಗರಿಯಷ್ಟೇ ದೂರ. ಇದಕ್ಕೆ ವಿರುದ್ಧವಾದ ಉದಾಹರಣೆ ಟೆಕ್ಸಸ್‌ನ ಆಸ್ಟಿನ್‌ನಲ್ಲಿದೆ. ಅಲ್ಲಿನ ಹ್ಯಾರಿ ರ‍್ಯಾನ್ಸಮ್ ಸೆಂಟರ್‌ನಲ್ಲಿ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರ ಕಾಗದಪತ್ರ ಇವೆ. ಕುಟುಂಬ ಒಪ್ಪಿದ್ದರಿಂದ 2017ರಲ್ಲಿ 27,000ಕ್ಕೂ ಹೆಚ್ಚು ಚಿತ್ರಗಳನ್ನು ಅಂತರ್ಜಾಲಕ್ಕೆ ಹಾಕಿದರು. ಟೈಪ್ ಮಾಡಿದ ಹಾಳೆಗಳು, ಅವುಗಳ ಮೇಲೆ ಪೆನ್ನಿನ ತಿದ್ದುಪಡಿ, ಎಲ್ಲವನ್ನೂ ಮನೆಯಲ್ಲಿ ಕೂತು ನೋಡಬಹುದು. ಕಾಗದದ್ದು ಊರಿಗೆಲ್ಲ ತೆರೆದಿದೆ, ಕಂಪ್ಯೂಟರ್‌ನಲ್ಲೇ ಹುಟ್ಟಿದ್ದು ಕೋಣೆಯಲ್ಲಿ ಕೂತಿದೆ. ಡಿಜಿಟಲ್ ಎಂದ ಕೂಡಲೇ ನಾವು ‘ಎಲ್ಲರಿಗೂ ಸಿಗುತ್ತದೆ’ ಎಂದು ಕೇಳಿಸಿಕೊಳ್ಳುತ್ತೇವೆ. ಸಿಗುವುದೋ ಇಲ್ಲವೋ ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ, ಒಪ್ಪಂದದ ಪತ್ರ ತೀರ್ಮಾನಿಸುತ್ತದೆ.

ದೂರದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರ ಕಾಗದಪತ್ರಗಳು ಇರುವುದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ಅವರು ಪಾಠ ಮಾಡಿದ್ದು ಅಲ್ಲೇ, ಆದ್ದರಿಂದ ತಪ್ಪೇನಿಲ್ಲ. ಕನ್ನಡದ ಒಬ್ಬ ಕವಿಯ ಬಗ್ಗೆ ಕೆಲಸ ಮಾಡುವವರೂ ವೀಸಾ ಅರ್ಜಿ ತುಂಬಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಎಮೊರಿಯ ಸಂಗ್ರಹದಿಂದ ಮೊದಲು ದೊಡ್ಡ ಲಾಭ ಪಡೆದವರಲ್ಲಿ ರಶ್ದಿ ಅವರೇ ಇದ್ದರು! 2012ರಲ್ಲಿ ಅವರು ತಲೆಮರೆಸಿಕೊಂಡಿದ್ದ ವರ್ಷಗಳ ಆತ್ಮಕಥನ ‘ಜೋಸೆಫ್ ಆಂಟನ್’ ತಂದರು. ಆ ವರ್ಷಗಳಲ್ಲಿ ಪೊಲೀಸರು ಕರೆಯಲೆಂದು ಲೇಖಕರಾದ ಕಾನ್ರಾಡ್, ಚೆಕಾಫ್ ಇಬ್ಬರ ಮೊದಲ ಹೆಸರು ಕೂಡಿಸಿ ಇಟ್ಟುಕೊಂಡ ಹೆಸರು ಅದು. ಎಲ್ಲವೂ ರಟ್ಟಿನ ಪೆಟ್ಟಿಗೆಗಳಲ್ಲಿ, ಸತ್ತ ಕಂಪ್ಯೂಟರ್‌ಗಳಲ್ಲಿ ಚದುರಿಹೋಗಿದ್ದಾಗ ಈ ಪುಸ್ತಕವನ್ನು ಬರೆಯುವುದು ಬಹಳ ಕಷ್ಟವಾಗುತ್ತಿತ್ತು, ಎಮೊರಿಯವರು ಎಲ್ಲ ಜೋಡಿಸಿದ ಮೇಲೆ ಸಾಧ್ಯವಾಯಿತು ಎಂಬ ಅರ್ಥದ ಮಾತನ್ನು ಅವರು ಹೇಳಿದ್ದರು. ಸಂಗ್ರಹಾಲಯ ಎಂದರೆ ಬರೆದು ಮುಗಿಸಿದವರ ಜಾಗ ಎಂದುಕೊಂಡಿದ್ದೆವು. ಇಲ್ಲಿ ಅದು ಮುಂದಿನ ಪುಸ್ತಕದ ಬರವಣಿಗೆಯ ಕೋಣೆಯೂ ಆಯಿತು.

ಮುಂದೆ ಅವರು ನಮ್ಮ ಹಂಪಿಗೂ ಬಂದರು, ಕಾದಂಬರಿಯಲ್ಲಿ. 2023ರ ‘ವಿಕ್ಟರಿ ಸಿಟಿ’ ವಿಜಯನಗರದ ಕಥೆ. ಪಂಪ ಕಂಪನ ಎಂಬ ಕವಯಿತ್ರಿ ತನ್ನ ಮಹಾಕಾವ್ಯವನ್ನು ಮಣ್ಣಿನ ಮಡಕೆಯಲ್ಲಿಟ್ಟು, ಮೇಣದಿಂದ ಮುಚ್ಚಿ, ಹೂತುಬಿಡುತ್ತಾಳೆ. ನಾಲ್ಕೂವರೆ ಶತಮಾನದ ಮೇಲೆ ಅದು ಸಿಗುತ್ತದೆ, ಓದಲು ಬರುತ್ತದೆ. ಕೋಕ್ ಚೆಲ್ಲಿದ ಲ್ಯಾಪ್‌ಟಾಪ್ ಕಂಡವರು ಇದನ್ನು ಬರೆದರಲ್ಲ ಎಂದು ನನಗೆ ನಗು ಬಂತು. ಮಡಕೆಯಲ್ಲಿ ಹಾರ್ಡ್ ಡಿಸ್ಕ್ ಹೂತಿದ್ದರೆ ಕಾದಂಬರಿಯೇ ಇರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ತಾಳೆಗರಿಯೂ ಮಡಕೆಯಲ್ಲಿ ಅಷ್ಟು ಕಾಲ ಉಳಿಯುವುದು ಕಷ್ಟ. ನಮ್ಮ ಹಿರಿಯರು ಅದನ್ನು ಹೂಳಲಿಲ್ಲ. ಎಣ್ಣೆ ಸವರಿದರು, ಬಿಚ್ಚಿ ಗಾಳಿಗೆ ಹಿಡಿದರು, ಗರಿ ಮುರಿಯತೊಡಗಿದಾಗ ಹೊಸ ಗರಿಗೆ ನಕಲು ಮಾಡಿದರು. ಇಂದು ನಾವು ಓದುವ ಎಷ್ಟೋ ಹಳಗನ್ನಡ ಕಾವ್ಯ ನಕಲಿನ ನಕಲಿನ ನಕಲು. ಎಮೊರಿಯವರ ಕೆಲಸವೂ ಇಂಥದ್ದೇ. 2010ರಲ್ಲಿ ಕಟ್ಟಿದ ವೇಷದ ಯಂತ್ರ ಓಡಲು ಆ ಕಾಲದ ಒಂದು ಕಂಪ್ಯೂಟರ್ ಬೇಕು. ಅದೂ ಹಳತಾಗುತ್ತದೆ. ಆಗ ಹಳೆಯ ಮ್ಯಾಕ್‌ನ ವೇಷ ಹಾಕಿದ ಯಂತ್ರದ ವೇಷವನ್ನು ಇನ್ನೊಂದು ಹಾಕಬೇಕು. ತಂಪಾದ ಕೋಣೆಯಲ್ಲಿಟ್ಟು ಮರೆಯುವ ಸೌಕರ್ಯ ಕಾಗದದ ಕಾಲಕ್ಕೇ ಮುಗಿಯಿತು. ಈಗ ಪ್ರತಿ ಬಜೆಟ್‌ನಲ್ಲೂ ಇದಕ್ಕೆ ದುಡ್ಡು ಇಡಬೇಕು. ಒಂದು ವರ್ಷ ಇಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ವರ್ಷ ಇಡದಿದ್ದರೆ ಗೊತ್ತುಮಾಡಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಕನ್ನಡದಲ್ಲೂ ಕಂಪ್ಯೂಟರ್‌ನಲ್ಲಿ ಬರೆದವರ ಮೊದಲ ತಲೆಮಾರು ಮುಗಿಯುತ್ತ ಬಂದಿದೆ. ಕನ್ನಡ ತಂತ್ರಾಂಶಕ್ಕಾಗಿ ಅಷ್ಟೊಂದು ತಲೆ ಕೆಡಿಸಿಕೊಂಡ ತೇಜಸ್ವಿ 2007ರಲ್ಲೇ ಹೋದರು. ಲೇಖಕರು ತೀರಿಕೊಂಡ ಮನೆಗಳಲ್ಲಿ ನಡೆಯುವುದನ್ನು ನಾನು ಒಂದೆರಡು ಕಡೆ ಹತ್ತಿರದಿಂದ ನೋಡಿದ್ದೇನೆ. ಕಪಾಟಿನ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಡೋಣ ಎನ್ನುತ್ತಾರೆ. ಕೈಬರಹದ ಹಾಳೆಗಳನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಕಂಪ್ಯೂಟರನ್ನು ಅಂಗಡಿಗೆ ಕಳಿಸಿ, ಫಾರ್ಮ್ಯಾಟ್ ಮಾಡಿಸಿ, ಮೊಮ್ಮಗನ ಆನ್‌ಲೈನ್ ಕ್ಲಾಸಿಗೆ ಕೊಡುತ್ತಾರೆ. ಹಾಗೆ ಮಾಡಬೇಡಿ ಎಂದು ಒಮ್ಮೆ ಹೇಳಿದೆ. ‘ಅದರಲ್ಲಿ ಏನಿದೆ ಸಾರ್, ಪಾಸ್‌ವರ್ಡ್ ನಮಗೆ ಯಾರಿಗೂ ಗೊತ್ತಿಲ್ಲ’ ಎಂದರು.